ಗುಂಡ್ಲುಪೇಟೆಯಿಂದ ವಿಮಾನಕ್ಕೆ ಎಷ್ಟು ಹೊತ್ತು?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಿನ ದೂರ 13,993 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ಎಲ್ಲೂ ಇಳಿಯದೆ ಹಾರುವ ವಿಮಾನ ಆರಂಭಿಸಿದಾಗ ಹಲವು ಪತ್ರಿಕೆಗಳು ಇದೇ ಅಂಕಿಯನ್ನು ಅಚ್ಚು ಹಾಕಿದವು. ಪೈಲಟ್‌ಗಳೆಲ್ಲ ಮಹಿಳೆಯರೇ ಆಗಿದ್ದ ಆ ಮೊದಲ ಹಾರಾಟ ನೆನಪಿಡಬೇಕಾದದ್ದೇ. ಆದರೆ ಚಾಮರಾಜನಗರದಿಂದಲೋ ಗುಂಡ್ಲುಪೇಟೆಯಿಂದಲೋ ಮಗಳನ್ನು ಪರದೇಶಕ್ಕೆ ಓದಲು ಕಳಿಸುವ ಮನೆಯವರಿಗೆ ಈ ಅಂಕಿಯಿಂದ ತಿಳಿಯುವುದು ತೀರಾ ಕಡಿಮೆ. ಎಷ್ಟು ಗಂಟೆಗೆ ಮನೆ ಬಿಡಬೇಕು, ಯಾವ ದಾರಿ ಹಿಡಿಯಬೇಕು, ದಾರಿಯಲ್ಲಿ ಏನಾದರೂ ಆದರೆ ಕೈಯಲ್ಲಿ ಎಷ್ಟು ಹೊತ್ತು ಉಳಿದಿರುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಮೊಬೈಲು ಕ್ಷಣದಲ್ಲಿ ಕಿಲೋಮೀಟರು, ಗಂಟೆ ಎರಡನ್ನೂ ಹೇಳಿಬಿಡುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ವಿಮಾನ ನಿಲ್ದಾಣವೇ ಇಲ್ಲದ ಗಡಿ ಜಿಲ್ಲೆಯ ಪ್ರಯಾಣಿಕರಿಗೆ ಬೇಕಾದ ಉತ್ತರ ಅದಲ್ಲ. ಅವರ ಪ್ರಯಾಣದ ಹೊತ್ತನ್ನು ತೀರ್ಮಾನಿಸುವುದು ಆಕಾಶದ ದೂರಕ್ಕಿಂತ ಹೆಚ್ಚಾಗಿ ನೆಲದ ಮೇಲಿನ ಗಂಟೆಗಳು. ಅದರಲ್ಲೂ ಆ ಗಂಟೆಗಳು ಎಷ್ಟರಮಟ್ಟಿಗೆ ನಂಬಬಹುದಾದವು ಎಂಬುದು.

ಮೊದಲು ಆ 13,993 ಎಲ್ಲಿಂದ ಬಂತು ನೋಡೋಣ. ಇದನ್ನು ಯಾರೂ ಅಳೆದು ಬರೆದದ್ದಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಹಾಕಿದ್ದು. ಕೆಂಪೇಗೌಡ ನಿಲ್ದಾಣ ಇರುವುದು ಸುಮಾರು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ಗೋಡೆಯ ಮೇಲಿನ ಭೂಪಟದಲ್ಲಿ ಈ ಎರಡು ಬಿಂದುಗಳಿಗೆ ಸ್ಕೇಲು ಇಟ್ಟು ಪೂರ್ವಕ್ಕೆ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ಹಾಯುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಶಾಲೆಯಲ್ಲಿರುವ ಗೋಳ ತೆಗೆದುಕೊಂಡು ಅದೇ ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಬೇರೆಯೇ ದಾರಿ ಕಾಣುತ್ತದೆ. ನೂಲು ಉತ್ತರಕ್ಕೆ ಸರಿದು, ಆರ್ಕ್‌ಟಿಕ್ ವೃತ್ತವನ್ನೂ ದಾಟಿ 71 ಡಿಗ್ರಿಯ ಹತ್ತಿರ ಹೋಗಿ ಮತ್ತೆ ಕೆಳಗಿಳಿಯುತ್ತದೆ. ಭೂಗೋಳದ ಪುಸ್ತಕಗಳು ಮಹಾವೃತ್ತ ಎನ್ನುವುದು ಈ ದಾರಿಯನ್ನೇ. ದುಂಡಗಿನ ನೆಲದ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಭೂಮಿ ಪೂರ್ತಿ ದುಂಡಗೂ ಇಲ್ಲ. ಸಮಭಾಜಕದ ಬಳಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದವರಿಗೂ ಹಿಡಿಯದವರಿಗೂ ಉತ್ತರ ತುಸು ಬೇರೆ ಬರುತ್ತದೆ. ಒಂದೇ ಜೋಡಿ ಊರುಗಳಿಗೆ ಎರಡು ಕಡೆ ಎರಡು ದೂರ ಬರೆದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಇಷ್ಟು ನಿಖರವಾಗಿ ಲೆಕ್ಕ ಹಾಕಿದ ಗೆರೆಯ ಮೇಲೆ ವಿಮಾನ ಹಾರುತ್ತದೆಯೇ ಎಂದರೆ ಅದೂ ಇಲ್ಲ. ಆ ಮೊದಲ ಏರ್ ಇಂಡಿಯಾ ವಿಮಾನ ಮಹಾವೃತ್ತಕ್ಕಿಂತಲೂ ಉತ್ತರಕ್ಕೆ ಹೋಗಿ ಧ್ರುವಪ್ರದೇಶದ ಮೇಲಿನಿಂದ ಬಂತು. ಅಂದಂದಿನ ಗಾಳಿ, ಇಂಧನದ ಖರ್ಚು, ಯಾವ ದೇಶದ ಮೇಲೆ ಹಾರಲು ಅನುಮತಿ ಇದೆ, ತುರ್ತಿನಲ್ಲಿ ಇಳಿಯಲು ಹತ್ತಿರದಲ್ಲಿ ಯಾವ ನಿಲ್ದಾಣವಿದೆ ಎಂಬುದನ್ನೆಲ್ಲ ನೋಡಿ ದಾರಿ ಗೊತ್ತುಮಾಡುತ್ತಾರೆ. ಇಂದಿನ ದಾರಿ ನಾಳೆಗೆ ಇರಬೇಕೆಂದಿಲ್ಲ. ಕಡಿಮೆ ದೂರದ ದಾರಿಗಿಂತ ಕಡಿಮೆ ಹೊತ್ತಿನ, ಕಡಿಮೆ ಇಂಧನದ ದಾರಿಯೇ ಅವರಿಗೆ ಒಳ್ಳೆಯ ದಾರಿ. ವಿಮಾನ ಕಂಪನಿಗಳು ದೂರವನ್ನು ನೆಚ್ಚದೆ ಹೊತ್ತನ್ನು ನೆಚ್ಚಿ ನಡೆಯುತ್ತವೆ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಾಮರಾಜನಗರದ ಪ್ರಯಾಣಿಕರೂ ಹಿಡಿಯಬೇಕಾದ ಲೆಕ್ಕ ಅದೇ.

ಹೊತ್ತಿನ ಲೆಕ್ಕದಲ್ಲೂ ಎಡವಲು ಜಾಗಗಳಿವೆ. ಆ ವಿಮಾನ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು 11ರ ನಸುಕಿನಲ್ಲಿ, ವೇಳಾಪಟ್ಟಿಯ ಪ್ರಕಾರ ಮೂರೂಮುಕ್ಕಾಲಿಗೆ, ಬೆಂಗಳೂರು ಸೇರಬೇಕಿತ್ತು. ಎರಡು ಗಡಿಯಾರಗಳನ್ನು ಹಾಗೇ ಓದಿದರೆ 31 ಗಂಟೆ ಹಾರಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ವಿಮಾನ ಹೊರಟಾಗ ಇಲ್ಲಿ ಆಗಲೇ 10ರ ಬೆಳಗಿನ ಹತ್ತು ಗಂಟೆ. ಹಾಗಾಗಿ ನಿಜವಾದ ಹೊತ್ತು ಹದಿನೇಳೂಮುಕ್ಕಾಲು ಗಂಟೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಈ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಟಿಕೆಟಿನ ಮೇಲಿರುವ ಎರಡು ಸಮಯಗಳೂ ಆಯಾ ಊರಿನವು. ಕರೆತರಲು ಊರಿನಿಂದ ಕಾರು ಕಳಿಸುವವರು ತಾರೀಖನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಹೋಗುವಾಗಲೂ ಬರುವಾಗಲೂ ದೂರ ಒಂದೇ, ಹೊತ್ತು ಮಾತ್ರ ಬೇರೆ ಏಕೆ ಎಂಬುದು ಬಹಳ ಜನ ಕೇಳುವ ಪ್ರಶ್ನೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿ.ಮೀ. ಹೋಗುವಾಗ ಹಿಡಿಯುವಷ್ಟು ಹೊತ್ತು ಸಾಮಾನ್ಯವಾಗಿ ಬರುವಾಗ ಹಿಡಿಯುವುದಿಲ್ಲ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಹಾಗಿದ್ದರೆ ಪಶ್ಚಿಮಕ್ಕೆ ಹೊರಟ ವಿಮಾನದ ಎದುರಿಗೆ ಲಂಡನ್ ತಾನೇ ಬರಬೇಕಲ್ಲವೇ ಎಂದು ವಾದಿಸುವವರಿದ್ದಾರೆ. ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಭೂಮಿಯ ಜೊತೆಗೆ ಅದರ ಗಾಳಿಯೂ ತಿರುಗುತ್ತದೆ, ಆ ಗಾಳಿಯೊಳಗಿರುವ ವಿಮಾನವೂ ತಿರುಗುತ್ತದೆ. ಹಾಗಾಗಿ ತಿರುಗುವಿಕೆಯಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ವ್ಯತ್ಯಾಸ ಮಾಡುವುದು ಒಂಬತ್ತು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ವಿಮಾನದ ವೇಗ ಸುತ್ತಲಿನ ಗಾಳಿಯಲ್ಲಿ ಗಂಟೆಗೆ 850ರಿಂದ 900 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ಅದು ಸಾವಿರ ದಾಟುತ್ತದೆ, ಎದುರಿಗಿದ್ದರೆ ಏಳುನೂರಕ್ಕೆ ಇಳಿಯುತ್ತದೆ.

ಗಾಳಿಯಂತೆಯೇ ದೇಶಗಳ ಜಗಳವೂ ಹೊತ್ತನ್ನು ಹಿಗ್ಗಿಸುತ್ತದೆ. 2019ರಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ತಿಂಗಳುಗಟ್ಟಲೆ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯೂರೋಪಿಗೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಬಳಸಿಕೊಂಡು ಹೋಗಬೇಕಾಯಿತು. 2022ರ ಫೆಬ್ರವರಿಯ ನಂತರ ಪಶ್ಚಿಮದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲವಾಯಿತು. ನಿಲ್ದಾಣಗಳು ಇದ್ದಲ್ಲೇ ಇವೆ, ಪುಸ್ತಕದಲ್ಲಿನ ದೂರವೂ ಅಷ್ಟೇ ಇದೆ, ಪ್ರಯಾಣ ಮಾತ್ರ ಉದ್ದವಾಗಿದೆ.

ಹತ್ತಿರದ ಹಾರಾಟದಲ್ಲಿ ದೂರಕ್ಕೂ ಹೊತ್ತಿಗೂ ಸಂಬಂಧ ಇನ್ನಷ್ಟು ಸಡಿಲ. ಬೆಂಗಳೂರಿಗೂ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೂ ನಡುವೆ ನೇರ ಗೆರೆಯಲ್ಲಿ 160 ಕಿ.ಮೀ.ಯೊಳಗೇ ಇದೆ. 2019ರಲ್ಲಿ ಉಡಾನ್ ಯೋಜನೆಯಡಿ ಇಲ್ಲಿ ಎಟಿಆರ್ ವಿಮಾನ ಓಡಿಸಿದರು. ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಭಾಗಿಸಿ ನೋಡಿದರೆ 19 ನಿಮಿಷ ಸಾಕು. ವೇಳಾಪಟ್ಟಿಯಲ್ಲಿ ಕೊಟ್ಟದ್ದು ಸುಮಾರು ಒಂದು ಗಂಟೆ. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ವಿಮಾನವನ್ನು ನಿಂತ ಜಾಗದಿಂದ ಹಿಂದಕ್ಕೆ ತಳ್ಳಬೇಕು, ರನ್‌ವೇ ತುದಿಯವರೆಗೆ ಚಕ್ರದ ಮೇಲೆ ಉರುಳಬೇಕು, ಮುಂದಿರುವ ವಿಮಾನಗಳು ಏರುವವರೆಗೆ ಸರದಿಯಲ್ಲಿ ಕಾಯಬೇಕು. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಇಳಿಯಲು ಗಾಳಿಗೆ ಎದುರಾಗಿರುವ ರನ್‌ವೇ ತುದಿಯನ್ನು ಸುತ್ತಿ ಹಿಡಿಯಬೇಕು. ದಟ್ಟಣೆ ಇದ್ದರೆ ಆಕಾಶದಲ್ಲೇ ಸುತ್ತಬೇಕು. ಇದೆಲ್ಲವನ್ನೂ ಸೇರಿಸಿ, ಹಿಂದಿನ ತಿಂಗಳುಗಳಲ್ಲಿ ನಿಜವಾಗಿ ಎಷ್ಟು ಹಿಡಿದಿದೆ ಎಂದು ನೋಡಿ, ಮೇಲೆ ಒಂದಿಷ್ಟು ನಿಮಿಷ ಮುಂಜಾಗ್ರತೆಗೆ ಇಟ್ಟು ಕಂಪನಿಗಳು ವೇಳೆ ಪ್ರಕಟಿಸುತ್ತವೆ. ಹೊರಡುವುದು ಇಪ್ಪತ್ತು ನಿಮಿಷ ತಡವಾದ ವಿಮಾನ ಎಷ್ಟೋ ಸಲ ಹೇಳಿದ ಹೊತ್ತಿಗೇ ಮುಟ್ಟುವುದು ಈ ಕಾರಣದಿಂದ. ಪ್ರಯಾಣಿಕರು ಈ ಒಂದು ವಿಷಯದಲ್ಲಿ ಕಂಪನಿಗಳನ್ನು ಮೆಚ್ಚಬೇಕು. ಅನಿಶ್ಚಯವನ್ನು ಮೊದಲೇ ಅಳೆದು ವೇಳಾಪಟ್ಟಿಯೊಳಗೆ ಸೇರಿಸಿಕೊಂಡಿವೆ.

ನೆಲದ ಮೇಲೆ ಆ ಕೆಲಸ ಮಾಡುವವರು ಯಾರೂ ಇಲ್ಲ. ಗುಂಡ್ಲುಪೇಟೆಯಿಂದ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 190 ಕಿ.ಮೀ., ರಸ್ತೆಯಲ್ಲಿ ಸುಮಾರು 245. ಗುಂಡ್ಲುಪೇಟೆಯಿಂದ ನಂಜನಗೂಡಿನ ಮೇಲೆ ಮೈಸೂರಿನವರೆಗಿನ 60 ಕಿ.ಮೀ. ಸಮನಾದ ರಸ್ತೆ, ಇಂತಿಷ್ಟೇ ಹೊತ್ತು ಎಂದು ಹೇಳಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 118 ಕಿ.ಮೀ. ಈಗ ಒಂದೂವರೆ ಗಂಟೆಯ ದಾರಿ. ಇದು ನಿಜಕ್ಕೂ ದೊಡ್ಡ ಉಪಕಾರ. ಕೆಂಗೇರಿ ಮುಟ್ಟಿದ ಮೇಲೆ ಲೆಕ್ಕವೆಲ್ಲ ತಪ್ಪುತ್ತದೆ. ನಗರದ ನೈಋತ್ಯ ಮೂಲೆಯಲ್ಲಿರುವ ಅಲ್ಲಿಂದ, ವಿಮಾನ ನಿಲ್ದಾಣವಿರುವ ಈಶಾನ್ಯದಾಚೆಯ ದೇವನಹಳ್ಳಿಗೆ ಹೋಗಬೇಕು. ಬೆಳಗಿನ ಜಾವ ಒಂದೂಕಾಲು ಗಂಟೆ ಹಿಡಿದ ದಾರಿ ಸಂಜೆ ಮಳೆ ಬಂದರೆ ಮೂರು ಗಂಟೆಯಾಗುತ್ತದೆ. ಮೈಸೂರು ಮುಟ್ಟದೆ ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ ಹೋಗುವ ಚಾಮರಾಜನಗರದವರಿಗೂ ನಗರ ದಾಟುವ ಈ ಕಷ್ಟ ತಪ್ಪಿದ್ದಲ್ಲ.

ಆದ್ದರಿಂದ ತಿಳಿದವರು ಕೆಟ್ಟ ದಿನದ ಲೆಕ್ಕವನ್ನೇ ಹಿಡಿದು ಹೊರಡುತ್ತಾರೆ. ದೆಹಲಿಗೆ ಹೋಗುವವರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ದೆಹಲಿ ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ಗಂಟೆಯ ಹಾರಾಟ. ಗುಂಡ್ಲುಪೇಟೆಯಿಂದ ರಸ್ತೆಗೆ ಆರು ಗಂಟೆ, ನಿಲ್ದಾಣದಲ್ಲಿ ಬ್ಯಾಗ್ ಕೊಟ್ಟು ತಪಾಸಣೆ ಮುಗಿಸಲು ಎರಡು ಗಂಟೆ ಇಟ್ಟುಕೊಂಡರೆ ವಿಮಾನ ನೆಲ ಬಿಡುವ ಮೊದಲೇ ಎಂಟು ಗಂಟೆ ಕಳೆದಿರುತ್ತದೆ. ಇಡೀ ಪ್ರಯಾಣದಲ್ಲಿ ಹಾರಿದ್ದು ಕಾಲು ಭಾಗ. ಇದರಲ್ಲಿ ಹೆಚ್ಚು ನೋಯಿಸುವುದು ರಸ್ತೆಯ ಉದ್ದವಲ್ಲ. ಒಳ್ಳೆಯ ದಿನ ನಾಲ್ಕೂವರೆ ಗಂಟೆಗೆ ಮುಟ್ಟಿಬಿಡುವ ದಾರಿಗೆ ಆರು ಗಂಟೆ ತೆಗೆದಿಡಬೇಕಾಗಿ ಬರುವುದು. ಆ ಒಂದೂವರೆ ಗಂಟೆ ದೂರಕ್ಕೆ ಕೊಟ್ಟ ಬೆಲೆಯಲ್ಲ, ಗೊತ್ತಿಲ್ಲದಿರುವುದಕ್ಕೆ ಕೊಟ್ಟ ಬೆಲೆ.

ಬೆಂಗಳೂರೇ ಏಕೆ, ಹತ್ತಿರದ ನಿಲ್ದಾಣಗಳು ಬೇರೆ ಇವೆಯಲ್ಲ ಎಂದು ಭೂಪಟ ನೋಡಿದವರು ಕೇಳುತ್ತಾರೆ. ನೇರ ಗೆರೆಯಲ್ಲಿ ಗುಂಡ್ಲುಪೇಟೆಯಿಂದ ಕೊಯಮತ್ತೂರು ನಿಲ್ದಾಣ ಸುಮಾರು 95 ಕಿ.ಮೀ., ಕೋಳಿಕ್ಕೋಡಿನ ಕರಿಪ್ಪೂರು ಸುಮಾರು 110. ಚಾಮರಾಜನಗರದಿಂದ ಕೊಯಮತ್ತೂರಿಗೆ 100. ಆಕಾಶದ ಲೆಕ್ಕದಲ್ಲಿ ಇವೆರಡೂ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ನಡುವೆ ಇರುವುದು ಘಟ್ಟ ಮತ್ತು ಕಾಡು. ಬಂಡೀಪುರ, ತೆಪ್ಪಕಾಡು, ಮಸಿನಗುಡಿಯ ಮೇಲೆ ಊಟಿಗೆ ಹತ್ತುವ ಕಲ್ಹಟ್ಟಿ ಘಟ್ಟದಲ್ಲಿ 36 ಕಡಿದಾದ ತಿರುವುಗಳು. ಗೂಡಲೂರಿನ ದಾರಿ ಇನ್ನೂ ಸುತ್ತು. ಊಟಿ ಮುಟ್ಟಿದ ಮೇಲೆ ಕೂನೂರಿನಿಂದ ಮೆಟ್ಟುಪಾಳ್ಯಕ್ಕೆ ಮತ್ತೆ ಇಳಿಯಬೇಕು. ನೇರ 95 ಇದ್ದದ್ದು ರಸ್ತೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಟ್ಟ ಇಳಿದರೆ ಸತ್ಯಮಂಗಲ. ಅಲ್ಲಿ 27 ತಿರುವು, ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಂತಂತೆಯೇ. ವಯನಾಡಿನ ಕಡೆ ತಾಮರಶ್ಶೇರಿ ಚುರಂನಲ್ಲಿ ತಿರುವುಗಳು ಒಂಬತ್ತೇ ಆದರೂ ರಜಾದಿನಗಳಲ್ಲಿ ವಾಹನಗಳ ಸಾಲು ಕರಗುವುದಿಲ್ಲ. ಗುಂಡ್ಲುಪೇಟೆಗೂ ಮಂಡಕಳ್ಳಿಗೂ ನೇರ ಗೆರೆಯಲ್ಲಿ 47 ಕಿ.ಮೀ., ರಸ್ತೆಯಲ್ಲೂ ಐವತ್ತರ ಆಸುಪಾಸು. ಅಲ್ಲಿ ದೂರವೂ ದಾರಿಯೂ ಹೆಚ್ಚುಕಡಿಮೆ ಒಂದೇ. ದಕ್ಷಿಣಕ್ಕೆ ತಿರುಗಿದೊಡನೆ ಆ ಹೊಂದಾಣಿಕೆ ಮುರಿಯುತ್ತದೆ.

ಘಟ್ಟಕ್ಕಿಂತ ಮುಖ್ಯವಾದದ್ದು ಗಡಿಯಾರ. ಬಂಡೀಪುರದ ಕಾಡಿನೊಳಗೆ ಹಾಯುವ ಎರಡು ಹೆದ್ದಾರಿಗಳಲ್ಲಿ, ಕೇರಳದ ಕಡೆಗೆ ಹೋಗುವ 766 ಮತ್ತು ಊಟಿಯ ಕಡೆಗೆ ಹೋಗುವ 181ರಲ್ಲಿ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. 2009ರಲ್ಲಿ ಜಿಲ್ಲಾಡಳಿತ ಹೊರಡಿಸಿದ ಆದೇಶ ಇದು. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಂಬ್ಯುಲೆನ್ಸ್‌ನಂಥ ತುರ್ತು ವಾಹನಗಳು, ಗೊತ್ತುಪಡಿಸಿದ ಕೆಲವೇ ಸರ್ಕಾರಿ ಬಸ್ಸುಗಳು ಬಿಟ್ಟರೆ ಉಳಿದವೆಲ್ಲ ಮದ್ದೂರು ಚೆಕ್‌ಪೋಸ್ಟಿನಲ್ಲೋ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲೋ ಗೇಟಿನ ಮುಂದೆ ನಿಲ್ಲಬೇಕು. ದಿಂಬಂ ಘಟ್ಟದಲ್ಲೂ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ನಿರ್ಬಂಧವಿದೆ. ಗಲ್ಫ್ ಕಡೆಯ ವಿಮಾನ ನಸುಕಿನಲ್ಲಿದ್ದರೆ ಗುಂಡ್ಲುಪೇಟೆಯವರು ಹಿಂದಿನ ಸಂಜೆಯೇ ಕಾಡು ದಾಟಿರಬೇಕು. ರಾತ್ರಿ 8.45ಕ್ಕೆ ಮದ್ದೂರಿನಲ್ಲಿರುವವರಿಗೆ ಕರಿಪ್ಪೂರು ನಾಲ್ಕೈದು ಗಂಟೆಯ ದಾರಿ. 9.05ಕ್ಕೆ ಬಂದವರಿಗೆ ಅದೇ ದಾರಿ ಹದಿಮೂರು ಗಂಟೆಯದು. ನಡುವೆ ಒಂದು ಮೀಟರು ದೂರವೂ ಹೆಚ್ಚಾಗಿಲ್ಲ.

ಹಾಗಿದ್ದರೆ ರಾತ್ರಿ ರಸ್ತೆ ತೆರೆಯಲಿ, ಜಿಲ್ಲೆಯ ಜನಕ್ಕೆ ಎರಡು ವಿಮಾನ ನಿಲ್ದಾಣ ಒಮ್ಮೆಗೇ ಹತ್ತಿರವಾಗುತ್ತವೆ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ವಯನಾಡಿನವರು ವರ್ಷಗಳಿಂದ ಅದನ್ನೇ ಕೇಳುತ್ತಿದ್ದಾರೆ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆದರೂ ಈ ಮುಚ್ಚುವಿಕೆ ಸರಿಯೆಂದೇ ನನ್ನ ನಿಲುವು. ಬಂಡೀಪುರ 1973ರ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದು. ಆನೆ, ಜಿಂಕೆ, ಕಾಟಿ, ಚಿರತೆ ರಸ್ತೆ ದಾಟುವುದು ಕತ್ತಲಲ್ಲೇ ಹೆಚ್ಚು. ಹಗಲೆಲ್ಲ ಹಂಪ್‌ಗಳ ಮೇಲೆ ತೆವಳುವ ವಾಹನಗಳ ನಡುವೆ ಬದುಕುವ ಆ ಪ್ರಾಣಿಗಳಿಗೆ ಒಂಬತ್ತು ಗಂಟೆಯ ನಿಶ್ಶಬ್ದವನ್ನಾದರೂ ಬಿಟ್ಟುಕೊಡಬೇಕು. ವಿಮಾನ ಹಿಡಿಯುವವರ ದೃಷ್ಟಿಯಿಂದಲೇ ನೋಡಿದರೂ ಬಂಡೀಪುರದ ಗೇಟು ಅಷ್ಟು ದೊಡ್ಡ ತೊಡಕಲ್ಲ. ಅದು ಮುಚ್ಚುವ ಗಂಟೆ ಗೊತ್ತಿದೆ, ತೆರೆಯುವ ಗಂಟೆ ಗೊತ್ತಿದೆ, ವರ್ಷವಿಡೀ ಬದಲಾಗುವುದಿಲ್ಲ. ಅದಕ್ಕೆ ತಕ್ಕಂತೆ ಟಿಕೆಟು ಕೊಳ್ಳಬಹುದು, ಸಂಜೆಯೇ ಹೊರಡಬಹುದು. ನಗರದ ದಟ್ಟಣೆಗೆ ಹಾಗೆ ಹೊಂದಿಕೊಳ್ಳಲು ಬರುವುದಿಲ್ಲ. ಗೊತ್ತಿರುವ ಒಂಬತ್ತು ಗಂಟೆಗಿಂತ ಗೊತ್ತಿಲ್ಲದ ಒಂದೂವರೆ ಗಂಟೆ ಪ್ರಯಾಣಿಕರನ್ನು ಹೆಚ್ಚು ಕಾಡುತ್ತದೆ.

ಇನ್ನು ಮಂಡಕಳ್ಳಿ. ಮೈಸೂರು–ನಂಜನಗೂಡು ರಸ್ತೆಯಲ್ಲೇ ಇರುವ ಈ ನಿಲ್ದಾಣಕ್ಕೆ ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಸುಮಾರು ಒಂದು ಗಂಟೆ. ನಗರ ಹೊಕ್ಕು ಹೊರಡುವ ಗೋಜಿಲ್ಲ. ಹೊಸ ಕಟ್ಟಡ ಉದ್ಘಾಟನೆಯಾದದ್ದು 2010ರಲ್ಲಿ, ವಿಮಾನಗಳು ಬಂದು ನಿಂತು ಮತ್ತೆ ಬಂದ ಚರಿತ್ರೆ ಅದರದು. ಇಲ್ಲಿಂದ ಹೈದರಾಬಾದಿಗೆ ಹೋಗಿ ವಿಮಾನ ಬದಲಿಸಿ ದೆಹಲಿ ಸೇರುವವರು ಆಕಾಶದಲ್ಲಿ ಸುಮಾರು 1,850 ಕಿ.ಮೀ. ಹಾರುತ್ತಾರೆ. ಬೆಂಗಳೂರಿನಿಂದ ನೇರ ಹೋಗುವವರಿಗಿಂತ 150 ಕಿ.ಮೀ. ಹೆಚ್ಚು. ಆದರೆ ಗುಂಡ್ಲುಪೇಟೆಯ ಮನೆಯಿಂದ ಎಣಿಸಿ: ರಸ್ತೆಗೆ ಒಂದು ಗಂಟೆ, ನಿಲ್ದಾಣದಲ್ಲಿ ಒಂದೂವರೆ, ಹೈದರಾಬಾದಿಗೆ ಒಂದೂವರೆಯಿಂದ ಎರಡು, ಅಲ್ಲಿ ಕಾಯಲು ಎರಡು, ದೆಹಲಿಗೆ ಎರಡೂಕಾಲು. ಒಂಬತ್ತು ಗಂಟೆಯೊಳಗೆ ದೆಹಲಿ. ಬೆಂಗಳೂರಿನ ಮೂಲಕವಾದರೆ ಹನ್ನೊಂದರ ಹತ್ತಿರ. ಹೆಚ್ಚು ದೂರ ಹಾರಿದವರು ಮೊದಲು ಮುಟ್ಟಿದರು.

ಈ ಲೆಕ್ಕಕ್ಕೂ ತಕರಾರು ಇದೆ, ಅದು ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಒಂದು ವಿಮಾನ ತಪ್ಪಿದರೆ ಇನ್ನೊಂದು ಸಿಗುತ್ತದೆ. ಮಂಡಕಳ್ಳಿಯಲ್ಲಿ ದಿನಕ್ಕೆ ಬೆರಳೆಣಿಕೆಯ ವಿಮಾನ. ಒಂದು ರದ್ದಾದರೆ ಹೈದರಾಬಾದಿನಲ್ಲಿ ಹಿಡಿಯಬೇಕಾದದ್ದೂ ಕೈತಪ್ಪುತ್ತದೆ. ಅಂದರೆ ಇಲ್ಲೂ ಕೊರತೆ ದೂರದ್ದಲ್ಲ, ನಂಬಿಕೆಯದು. ಆ ಕೊರತೆಯ ಮೂಲ ರನ್‌ವೇಯ ಉದ್ದದಲ್ಲಿದೆ. ಬೆಂಗಳೂರಿನ ರನ್‌ವೇ 4,000 ಮೀಟರ್, ಮಂಡಕಳ್ಳಿಯದು 1,740. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಿಗಬೇಕಾದರೆ ಹೆಚ್ಚು ವೇಗ ಬೇಕು, ಹೆಚ್ಚು ದೂರ ಓಡಬೇಕು. ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್‌ಗೆ ಇಲ್ಲಿನ ಉದ್ದ ಸಾಕಾಗುತ್ತದೆ. ನೂರೆಂಬತ್ತು ಜನರನ್ನು ಹೊರುವ ಏರ್‌ಬಸ್, ಬೋಯಿಂಗ್‌ಗಳಿಗೆ ಸಾಲದು. ರನ್‌ವೇಯನ್ನು 2,750 ಮೀಟರಿಗೆ ಹೆಚ್ಚಿಸುವ ಪ್ರಸ್ತಾವ ಬಹಳ ವರ್ಷಗಳದ್ದು. ಹೆದ್ದಾರಿಯೇ ಅಡ್ಡ ಬರುವುದರಿಂದ ಅದನ್ನು ರನ್‌ವೇ ಕೆಳಗೆ ಹಾಯಿಸುವುದೋ ಬಳಸಿ ಒಯ್ಯುವುದೋ ಎಂಬ ಮಾತುಕತೆಯಲ್ಲೇ ಕಾಲ ಕಳೆದಿದೆ. ಮೈಸೂರಿನ ಬೇಡಿಕೆಯೆಂದು ಇದನ್ನು ಚಾಮರಾಜನಗರದವರು ಸುಮ್ಮನೆ ನೋಡುತ್ತಿರುವುದು ತಪ್ಪು. 1997ರಲ್ಲಿ ಜಿಲ್ಲೆ ಬೇರೆಯಾಯಿತು, ವಿಮಾನ ನಿಲ್ದಾಣ ಮಾತ್ರ ಈಗಲೂ ಎರಡೂ ಜಿಲ್ಲೆಗಳಿಗೆ ಸೇರಿದ್ದೇ.

ಕಲಬುರಗಿಗೆ, ಶಿವಮೊಗ್ಗಕ್ಕೆ ಬಂದಂತೆ ಚಾಮರಾಜನಗರಕ್ಕೂ ಒಂದು ವಿಮಾನ ನಿಲ್ದಾಣ ಬರಲಿ ಎನ್ನುವವರು ಇರಬಹುದು. ಆ ಎರಡು ಊರುಗಳಿಗೆ ಒಂದು ಗಂಟೆಯ ದಾರಿಯಲ್ಲಿ ಬೇರೆ ನಿಲ್ದಾಣ ಇರಲಿಲ್ಲ. ಇಲ್ಲಿ ಇದೆ. ನಿಲ್ದಾಣ ಕಟ್ಟಿದ ಮಾತ್ರಕ್ಕೆ ವಿಮಾನ ಬರುವುದಿಲ್ಲ ಎಂಬುದನ್ನು ಮಂಡಕಳ್ಳಿಯೇ ತೋರಿಸಿದೆ. ನೂರಾರು ಎಕರೆ ಹೊಲ ತೆಗೆದುಕೊಂಡು ದಿನಕ್ಕೊಂದು ವಿಮಾನ ಹಾರಿಸುವುದಕ್ಕಿಂತ ಇರುವುದರಲ್ಲಿ ಹತ್ತು ವಿಮಾನ ಹಾರುವಂತೆ ಮಾಡುವುದು ಲೇಸು.

ಈ ಜಿಲ್ಲೆಯಲ್ಲಿ ವಿಮಾನ ಹತ್ತುವವರು ಎಷ್ಟು ಜನ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ಬರುತ್ತದೆ. ಹಣವಂತರಿಗೆ ಈ ಚಿಂತೆ ಇಲ್ಲ ಎಂಬುದು ನಿಜ. ಅವರು ಹಿಂದಿನ ದಿನವೇ ಕಾರಿನಲ್ಲಿ ಹೋಗಿ ದೇವನಹಳ್ಳಿಯ ಹೋಟೆಲಿನಲ್ಲಿ ಉಳಿಯುತ್ತಾರೆ. ಕೊಲ್ಲಿ ದೇಶದಲ್ಲಿ ದುಡಿಯಲು ಹೋಗುವವರು, ಸಾಲ ಮಾಡಿ ಓದಲು ಹೊರಟ ವಿದ್ಯಾರ್ಥಿ, ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ ಬಸ್ಸಿನಲ್ಲಿ ಹೋಗುತ್ತಾರೆ. ಅವರಿಗೆ ತಪ್ಪಿದ ವಿಮಾನವೆಂದರೆ ಒಂದು ತಿಂಗಳ ಸಂಬಳ, ಕೆಲವೊಮ್ಮೆ ಕೆಲಸವೇ. ಆ ಭಯಕ್ಕೆ ಹತ್ತು ಹನ್ನೆರಡು ಗಂಟೆ ಮೊದಲೇ ನಿಲ್ದಾಣಕ್ಕೆ ಹೋಗಿ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಾರೆ. ಅನಿಶ್ಚಯದ ಬೆಲೆಯನ್ನು ಹೆಚ್ಚು ತೆರುವವರು ಕೈಯಲ್ಲಿ ಕಾಸು ಕಡಿಮೆ ಇರುವವರೇ. ಅವರ ದೃಷ್ಟಿಯಿಂದ ಇದು ಐಷಾರಾಮದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅವರಿಗೆ ಬೇಕಾದದ್ದು ದೊಡ್ಡ ಕಾಮಗಾರಿಯೇನಲ್ಲ. ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಇದೆ. ಗುಂಡ್ಲುಪೇಟೆ, ಚಾಮರಾಜನಗರದಿಂದ ಬರುವ ಬಸ್ಸಿಗೂ ಅದಕ್ಕೂ ವೇಳೆ ಹೊಂದಿಸಿ, ಒಂದೇ ಟಿಕೆಟು ಕೊಟ್ಟು, ಮೊದಲನೆಯದು ತಡವಾದರೆ ಎರಡನೆಯದು ಕಾಯುತ್ತದೆ ಎಂದು ಖಾತ್ರಿ ಕೊಡಬಹುದು. ವಿಮಾನ ಕಂಪನಿಗಳು ಮಾಡುವಂತೆ, ಹಿಂದಿನ ತಿಂಗಳುಗಳಲ್ಲಿ ನಿಜವಾಗಿ ಎಷ್ಟು ಹಿಡಿದಿದೆ ಎಂದು ನೋಡಿ ಬಸ್ಸು ಮುಟ್ಟುವ ಹೊತ್ತನ್ನು ಪ್ರಕಟಿಸಬಹುದು. ಚಾಮರಾಜನಗರಕ್ಕೆ ಮೈಸೂರಿನಿಂದ ರೈಲಿದೆ, ಗುಂಡ್ಲುಪೇಟೆಗೆ ಅದೂ ಇಲ್ಲ. ಬೆಂಗಳೂರಿನ ಮೆಟ್ರೊ ನೇರಳೆ ಮಾರ್ಗ 2023ರಲ್ಲಿ ಕೆಂಗೇರಿಯಾಚೆಯ ಚಲ್ಲಘಟ್ಟದವರೆಗೆ ಬಂದಿದೆ. ವಿಮಾನ ನಿಲ್ದಾಣದ ನೀಲಿ ಮಾರ್ಗದ ಕೆಲಸ ನಡೆಯುತ್ತಿದೆ. ಎರಡೂ ಕೂಡಿದಾಗ ಮೈಸೂರು ಕಡೆಯಿಂದ ಬಂದವರು ಚಲ್ಲಘಟ್ಟದಲ್ಲಿ ಇಳಿದು ನಗರದ ದಟ್ಟಣೆಯನ್ನು ಮುಟ್ಟದೆ ದೇವನಹಳ್ಳಿ ಸೇರಬಹುದು. ಮೆಟ್ರೊ ಕಾರಿಗಿಂತ ವೇಗವಾಗಿ ಹೋಗದೆ ಇರಬಹುದು. ಆದರೆ ಎರಡು ಗಂಟೆ ಎಂದರೆ ಎರಡೇ ಗಂಟೆ.

ಈ ತೊಡಕು ಜಿಲ್ಲೆಯವರದಷ್ಟೇ ಅಲ್ಲ, ಗಡಿಯಾಚೆ ತಾಳವಾಡಿ ಇದೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದರೂ ಕನ್ನಡ ಮಾತನಾಡುವ ಊರುಗಳು, ನಟ ರಾಜಕುಮಾರ್ ಅವರ ಗಾಜನೂರು ಇರುವುದು ಅಲ್ಲೇ. ಆ ರಾಜ್ಯದ ವಿಮಾನ ನಿಲ್ದಾಣವಾದ ಕೊಯಮತ್ತೂರಿಗೆ ಹೋಗಲು ಅವರು ದಿಂಬಂ ಇಳಿಯಬೇಕು, ಅದೂ ರಾತ್ರಿಯ ನಿರ್ಬಂಧ ನೋಡಿಕೊಂಡು. ಚಾಮರಾಜನಗರ ಅವರಿಗೆ ಪಕ್ಕದ ಪೇಟೆ, ಅಲ್ಲಿಂದ ಮಂಡಕಳ್ಳಿಗೆ ಒಂದು ಗಂಟೆಯ ಸಮನಾದ ದಾರಿ. ಚಾಮರಾಜನಗರದ ಬಸ್ ನಿಲ್ದಾಣದಿಂದ ಮಂಡಕಳ್ಳಿಯ ವಿಮಾನದ ಹೊತ್ತಿಗೆ ಸರಿಯಾಗಿ ಒಂದು ಬಸ್ ಹೊರಟರೆ ಅದು ಎರಡು ರಾಜ್ಯದವರಿಗೂ ಆಗುತ್ತದೆ. ನಿಲ್ದಾಣದ ಗೇಟು ಹೆದ್ದಾರಿಯ ಮೇಲೇ ಇರುವುದರಿಂದ ಮೈಸೂರಿಗೆ ಹೋಗುವ ಬಸ್ಸುಗಳು ಈಗಲೂ ಅದರ ಮುಂದೆಯೇ ಹಾದುಹೋಗುತ್ತವೆ.